ಸಿಂಡ್ರೆಲಾಳ ಕಿಸೆ: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಬೆಳಗಾವಿಯ ವಡಗಾವಿಯಲ್ಲಿ ನನ್ನದೊಂದು ಹೊಲಿಗೆ ಕ್ಲಾಸ್ ಇದೆ. ಹನ್ನೊಂದು ಹುಡುಗಿಯರು, ಆರು ಮಷೀನು. ಆಚೀಚೆ ಮನೆಗಳಿಂದ ಮಗ್ಗದ ಸದ್ದು ದಿನವಿಡೀ ಕೇಳುತ್ತಿರುತ್ತದೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಮಷೀನುಗಳನ್ನು ಗೋಡೆಗೆ ಸರಿಸಿ, ಚಾಪೆ ಹಾಸಿ, ಲ್ಯಾಪ್‌ಟಾಪಿನಲ್ಲಿ ಸಿನಿಮಾ ನೋಡುತ್ತೇವೆ. ಯಾರೋ ಚುರುಮುರಿ ತರುತ್ತಾರೆ, ಇನ್ಯಾರೋ ಹುರಿದ ಶೇಂಗಾ ತರುತ್ತಾರೆ. ಹೊಸ ಬ್ಯಾಚ್ ಬಂದಾಗ ಮೊದಲ ಸಿನಿಮಾ ಯಾವಾಗಲೂ ಒಂದೇ. 1950ರಲ್ಲಿ ಬಂದ ಡಿಸ್ನಿಯ ಕಾರ್ಟೂನ್ ಸಿನಿಮಾ ‘ಸಿಂಡ್ರೆಲಾ’. ಇರುವುದು 74 ನಿಮಿಷ. ಇಂಗ್ಲಿಷ್ ಮಾತುಗಳನ್ನು ನಾನು ನಿಲ್ಲಿಸಿ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕು. ಹಾಗಾಗಿ ನಮಗೆ ಎರಡು ತಾಸು ಬೇಕು.

ಇದು ಗೊತ್ತಾದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. “ಹೆಣ್ಮಕ್ಕಳು ತಮ್ಮ ಕಾಲ ಮ್ಯಾಲ ನಿಲ್ಲಲಿ ಅಂತ ಕ್ಲಾಸ್ ನಡಸ್ತೀರಿ. ಅದೇ ಮಕ್ಕಳಿಗೆ, ರಾಜಕುಮಾರ ಬಂದು ಉದ್ಧಾರ ಮಾಡೋ ಸಿನಿಮಾ ಯಾಕ ತೋರಸ್ತೀರಿ?” ಕಾಲೇಜಿನಲ್ಲಿ ಪಾಠ ಮಾಡುವ ಗೆಳತಿ ಕೇಳಿದ್ದಾಳೆ. ನನ್ನ ತಮ್ಮನ ಹೆಂಡತಿ ಕೇಳಿದ್ದಾಳೆ. ಹೋದ ವರ್ಷ ಒಬ್ಬ ಹುಡುಗಿಯ ಅಪ್ಪ ಬಾಗಿಲಲ್ಲೇ ನಿಂತು ಕೇಳಿದರು: “ಅಕ್ಕಾರ, ಕಿತ್ತೂರ ಚೆನ್ನಮ್ಮನ ಜಿಲ್ಲಾದಾಗ ಹುಟ್ಟಿದ ಮಕ್ಕಳಿಗೆ ಇದೇನ್ರೀ?”

ಈ ತಕರಾರು ನಮ್ಮೂರಿನದು ಮಾತ್ರ ಅಲ್ಲ. ಅಮೆರಿಕದ ಕೊಲೆಟ್ ಡೌಲಿಂಗ್ 1981ರಲ್ಲಿ ‘ದಿ ಸಿಂಡ್ರೆಲಾ ಕಾಂಪ್ಲೆಕ್ಸ್’ ಅಂತ ಪುಸ್ತಕವನ್ನೇ ಬರೆದರು. ಸ್ವಂತವಾಗಿ ಬದುಕಲು ಹೆಣ್ಣುಮಕ್ಕಳ ಮನಸ್ಸಿನೊಳಗೆ ಇರುವ ಹೆದರಿಕೆಗೆ ಸಿಂಡ್ರೆಲಾಳ ಹೆಸರಿಟ್ಟರು. 2018ರಲ್ಲಿ ನಟಿ ಕಿಯರಾ ನೈಟ್ಲಿ ತಮ್ಮ ಮಗಳಿಗೆ ಈ ಸಿನಿಮಾ ತೋರಿಸುವುದಿಲ್ಲ ಎಂದರು. ಶ್ರೀಮಂತ ಗಂಡಸು ಬಂದು ಕಾಪಾಡಲಿ ಅಂತ ಆಕೆ ಕಾಯುತ್ತಾಳೆ ಅನ್ನುವುದು ಅವರು ಕೊಟ್ಟ ಕಾರಣ.

ನನಗೆ ಈ ಮಾತು ಕೇಳಿದಾಗಲೆಲ್ಲ ಸಂಕಟ ಆಗುತ್ತದೆ. ಯಾಕಂದರೆ ಆಕೆ ಕಾಯುವುದೇ ಇಲ್ಲ. ಒಮ್ಮೆ ಕೂತು ಪೂರ್ತಿ ನೋಡಿ.

ಅರಮನೆಯಿಂದ ಓಲೆ ಬರುತ್ತದೆ. ಮದುವೆ ವಯಸ್ಸಿಗೆ ಬಂದ ಹುಡುಗಿಯರೆಲ್ಲ ಬರಬೇಕು ಅಂತ ರಾಜನ ಅಪ್ಪಣೆ. ಸಿಂಡ್ರೆಲಾ ಹಿಡಿಯುವುದು ‘ಎಲ್ಲರೂ’ ಅನ್ನುವ ಆ ಒಂದು ಮಾತನ್ನು. ಎಲ್ಲರೂ ಅಂದಮೇಲೆ ನಾನೂ ಬರಬಹುದು ಅಲ್ವಾ, ಅನ್ನುತ್ತಾಳೆ. ನೆಲ ಒರೆಸಿ, ಬಟ್ಟೆ ಒಗೆದು, ಮೂರು ತಟ್ಟೆ ಚಹಾ ಹೊತ್ತು ಮೆಟ್ಟಿಲು ಹತ್ತುವ ಹುಡುಗಿಗೆ ಒಂದು ಸಂಜೆ ಬೇಕು, ಅಷ್ಟೇ. ಅಲ್ಲಿ ಒಬ್ಬನ ಜೊತೆ ಕುಣಿಯುತ್ತಾಳೆ. ಅವನು ಯಾರು ಅಂತ ಅವಳಿಗೆ ಗೊತ್ತಿಲ್ಲ. ಹನ್ನೆರಡರ ಗಂಟೆ ಹೊಡೆದು ಹೊರಡುವ ಗಡಿಬಿಡಿಯಲ್ಲಿ ಅವನಿಗೇ ಹೇಳುತ್ತಾಳೆ, ಅಯ್ಯೋ, ನಾನು ರಾಜಕುಮಾರನನ್ನ ನೋಡೇ ಇಲ್ಲ ಅಂತ! ಇಲ್ಲಿ ನಮ್ಮ ಹುಡುಗಿಯರು ಪ್ರತಿ ಸಲ ಚಪ್ಪಾಳೆ ತಟ್ಟಿ ನಗುತ್ತಾರೆ. ಅವನೇ ರಾಜಕುಮಾರ ಅನ್ನುವುದು ಅವಳಿಗೆ ತಿಳಿಯುವುದು ಮರುದಿನ, ಮಲತಾಯಿಯ ಬಾಯಿಂದ. ಕೈಯಲ್ಲಿದ್ದ ಪಾತ್ರೆಗಳೆಲ್ಲ ಕೆಳಗೆ ಬೀಳುತ್ತವೆ.

ರಾಜಕುಮಾರನ ವಿಷಯ ಇಷ್ಟೇ. ಅವನಿಗೆ ಸಿನಿಮಾದಲ್ಲಿ ಒಂದು ಹೆಸರೂ ಇಲ್ಲ. ಓಡುವಾಗ ಅವಳ ಕಾಲಿಂದ ಜಾರಿದ ಗಾಜಿನ ಪಾದುಕೆ ಹಿಡಿದು ಅವಳ ಮನೆಗೆ ಬರುವವನು ಅವನಲ್ಲ, ಅರಮನೆಯ ದೊಡ್ಡ ಅಧಿಕಾರಿ. ಮಲತಾಯಿ ಅವಳನ್ನು ಕೂಡಿಹಾಕಿದ ಕೋಣೆಯ ಬೀಗ ತೆಗೆದವನೂ ಅವನಲ್ಲ. ಅದನ್ನು ತೆಗೆಸಿದ್ದು ಎರಡು ಇಲಿಗಳು. ತಮಗಿಂತ ದೊಡ್ಡ ಕೀಲಿಯನ್ನು ಒಂದೊಂದೇ ಮೆಟ್ಟಿಲು ಎತ್ತಿ, ತಳ್ಳಿ, ಏದುಸಿರು ಬಿಡುತ್ತಾ ಅಟ್ಟಕ್ಕೆ ಒಯ್ಯುತ್ತವೆ. ಬೆಕ್ಕು ಅಡ್ಡ ಬಂದಾಗ, ಬೀಗದ ಒಳಗಿದ್ದುಕೊಂಡೇ ಸಿಂಡ್ರೆಲಾ ದಾರಿ ಹುಡುಕುತ್ತಾಳೆ. ನಾಯಿಯನ್ನು ಕರೆತನ್ನಿ ಅಂತ ಹಕ್ಕಿಗಳಿಗೆ ಕೂಗಿ ಹೇಳುತ್ತಾಳೆ. ಆ ಇಲಿಗಳು ಯಾಕೆ ಇಷ್ಟೆಲ್ಲ ಮಾಡುತ್ತವೆ? ಬೋನಿಗೆ ಬಿದ್ದ ಇಲಿಯನ್ನು ಬಿಡಿಸಿ, ಅಂಗಿ ತೊಡಿಸಿ, ಹೆಸರಿಟ್ಟು, ದಿನಾ ಕಾಳು ಹಾಕಿದವಳು ಅವಳು. ಅವಳನ್ನು ಕಾಪಾಡಿದ್ದು ಅವಳೇ ಗಳಿಸಿದ ಸ್ನೇಹ.

ಈಗ ಹೊಲಿಗೆಯವಳ ಕಣ್ಣಿಗೆ ಬೀಳುವ ಭಾಗಕ್ಕೆ ಬರುತ್ತೇನೆ. ಅದನ್ನು ನಾನು ನೂರು ಸಲ ನೋಡಿರಬೇಕು.

ಅವಳ ಪೆಟ್ಟಿಗೆಯಲ್ಲಿ ತೀರಿಹೋದ ತಾಯಿಯದೊಂದು ಗುಲಾಬಿ ಬಣ್ಣದ ಉಡುಪಿದೆ. ಹಳೇ ಮಾದರಿಯದು, ಸರಿ ಮಾಡಿಕೊಳ್ಳುತ್ತೇನೆ ಅನ್ನುತ್ತಾಳೆ. ಹೊಲಿಗೆ ಪುಸ್ತಕ ತೆಗೆದು, ತೋಳು ಹೀಗೆ, ಕುತ್ತಿಗೆ ಹಾಗೆ ಅಂತ ಲೆಕ್ಕ ಹಾಕುತ್ತಾಳೆ. ಅಷ್ಟರಲ್ಲಿ ಕೆಳಗಿಂದ ಕೂಗು. ಒಂದು ಕೆಲಸ ಮುಗಿದರೆ ಇನ್ನೊಂದು. ಮಲತಾಯಿ ‘ಹೋಗಬೇಡ’ ಅನ್ನುವುದೇ ಇಲ್ಲ. ಕೆಲಸ ಮುಗಿಸಿ ಬಾ ಅನ್ನುತ್ತಾಳೆ, ಮತ್ತು ಕೆಲಸ ಮುಗಿಯದ ಹಾಗೆ ನೋಡಿಕೊಳ್ಳುತ್ತಾಳೆ. ಆಗ ಇಲಿಗಳೂ ಹಕ್ಕಿಗಳೂ ಸೇರಿ ಆ ಉಡುಪನ್ನು ಹೊಲಿಯುತ್ತವೆ. ಟೇಪು ಹಿಡಿಯುತ್ತವೆ, ಕತ್ತರಿಯನ್ನು ಇಬ್ಬರಿಬ್ಬರು ಸೇರಿ ಆಡಿಸುತ್ತವೆ. ಮಲಸೋದರಿಯರು ಬೇಡ ಅಂತ ಎಸೆದ ನಡುಪಟ್ಟಿ, ಮಣಿಸರ ತಂದು ಜೋಡಿಸುತ್ತವೆ.

ಅವಳು ಅದನ್ನು ತೊಟ್ಟು ಇಳಿದು ಬರುತ್ತಾಳೆ. ಮಲತಾಯಿ ಅವಳ ಮೈ ಮುಟ್ಟುವುದಿಲ್ಲ. ದನಿಯನ್ನೂ ಏರಿಸುವುದಿಲ್ಲ. ಆ ಮಣಿಸರವನ್ನು ಸುಮ್ನೆ ಬೆರಳಲ್ಲಿ ಎತ್ತಿ, ಚೆನ್ನಾಗಿದೆ ಅನ್ನುತ್ತಾಳೆ. ಅಷ್ಟು ಸಾಕು. ಇದು ನನ್ನದು, ಅದು ನನ್ನದು ಅಂತ ಇಬ್ಬರು ಮಕ್ಕಳು ಬಿದ್ದು ಹರಿಯುತ್ತಾರೆ. ತೋಳು ಕಿತ್ತು ಬರುತ್ತದೆ, ನಡುಪಟ್ಟಿ ಹೋಗುತ್ತದೆ, ಮಣಿಗಳು ನೆಲದ ಮೇಲೆ ಚೆಲ್ಲುತ್ತವೆ. ಎಲ್ಲ ಆದಮೇಲೆ ತಾಯಿ ಸಾಕು ಅನ್ನುತ್ತಾಳೆ. ಕೈ ಕೊಳೆ ಮಾಡಿಕೊಳ್ಳದೆ ಒಬ್ಬಳನ್ನು ಮುರಿಯುವುದು ಹೇಗೆ ಅಂತ ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ದೃಶ್ಯ ನನಗೆ ಗೊತ್ತಿಲ್ಲ. ನಮ್ಮ ಹುಡುಗಿಯರಿಗೆ ಇದನ್ನು ಕನ್ನಡದಲ್ಲಿ ಹೇಳುವ ಅಗತ್ಯವೇ ಬರುವುದಿಲ್ಲ.

ಹೋದ ವರ್ಷದ ಬ್ಯಾಚಿನಲ್ಲಿ ಒಬ್ಬ ಹುಡುಗಿ ಈ ದೃಶ್ಯ ಬಂದಾಗ ಎದ್ದು ಹೊರಗೆ ಹೋದಳು. ನಳದ ಹತ್ತಿರ ನಿಂತು ಮುಖ ತೊಳೆದು ಬಂದಳು. ವಾರದ ಹಿಂದೆ ಅವಳು ನನ್ನ ಹತ್ತಿರ ಒಂದು ಇಳಕಲ್ ಸೀರೆ ತಂದಿದ್ದಳು. ಅವ್ವನದು. ಅವ್ವ ತೀರಿಕೊಂಡು ಆರು ವರ್ಷ. ಹತ್ತಿಯ ಒಡಲು, ರೇಷ್ಮೆ ಸೆರಗು. ಟೋಪ್ ತೆನಿ ಅನ್ನುವ ಇಳಕಲ್ ಮಾದರಿಯ ಸೆರಗಿನ ಕೆಂಪು ಇನ್ನೂ ಹಾಗೇ ಇತ್ತು, ಆದರೆ ಒಡಲು ಮಡಿಕೆ ಮಡಿಕೆಗೂ ಸೀಳಿತ್ತು. ಟ್ರಂಕಿನಲ್ಲಿ ಒಂದೇ ಮಡಿಕೆಯಲ್ಲಿ ಇಟ್ಟ ಸೀರೆಗಳೆಲ್ಲ ಹೀಗೇ ಹೋಗುತ್ತವೆ. “ಇದರಾಗ ನನಗೊಂದು ಡ್ರೆಸ್ ಬರತದೇನ್ರೀ ಅಕ್ಕಾರ?” ಅಂದಳು. ಮನೆಯಲ್ಲಿ ಅದನ್ನು ಪಾತ್ರೆಯವನಿಗೆ ಹಾಕುವ ಮಾತು ನಡೆದಿತ್ತಂತೆ. ಇದಕ್ಕಿಂತ ಜಾಸ್ತಿ ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈ ಹುಡುಗಿಗೆ ಹೋಗಿ, ‘ಸಿಂಡ್ರೆಲಾ ಯಾಕೆ ಮನೆ ಬಿಟ್ಟು ಹೋಗಲಿಲ್ಲ’ ಅಂತ ಹೇಗೆ ಕೇಳುವುದು? ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಅದೇ. ಆ ಮನೆ ಸಿಂಡ್ರೆಲಾಳ ಅಪ್ಪನದು. ಅಪ್ಪ ಸತ್ತಮೇಲೆ ಮಲತಾಯಿ ಆಸ್ತಿಯನ್ನೆಲ್ಲ ತನ್ನ ಮಕ್ಕಳ ಮೇಲೆ ಕರಗಿಸಿದಳು, ಸಿಂಡ್ರೆಲಾ ತನ್ನ ಮನೆಯಲ್ಲೇ ಆಳಾದಳು. ಸಿನಿಮಾದ ಶುರುವಿನಲ್ಲೇ ಇದನ್ನು ಹೇಳಿಬಿಡುತ್ತಾರೆ. ಅಪ್ಪನ ಮನೆಯನ್ನು ಬಿಟ್ಟುಕೊಟ್ಟು ಅವಳು ಎಲ್ಲಿಗೆ ಹೋಗಬೇಕಿತ್ತು?

ಮನೆ ಬಿಟ್ಟ ಹುಡುಗಿಯ ಕಥೆಯೂ ನಮ್ಮಲ್ಲೇ ಇದೆ. ಬೆಳಗಾವಿಯಲ್ಲಿ ಮೇಷ್ಟ್ರಾಗಿದ್ದ ಎ.ಕೆ. ರಾಮಾನುಜನ್ 1955ರಲ್ಲಿ ಕಿತ್ತೂರಿನಲ್ಲಿ ಒಂದು ಕಥೆ ಕೇಳಿ ಬರೆದುಕೊಂಡರು. ‘ಹಂಚಿ’ ಅಂತ. ಕನ್ನಡದ ಸಿಂಡ್ರೆಲಾ ಅಂತಲೇ ಅವರು ಅದನ್ನು ಕರೆದರು. ಹುಡುಗಿಯ ಕೂದಲು ಬಂಗಾರದ್ದು. ಒಡಹುಟ್ಟಿದವನ ಕಣ್ಣೇ ಅವಳ ಮೇಲೆ ಕೆಡುತ್ತದೆ. ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ತೊಡಿಸಿ, ದೂರ ಹೋಗಿ ಬದುಕು ಮಗಳೇ ಅಂತ ಕಳಿಸುತ್ತಾಳೆ. ಹಂಚಿನ ಮುಖದವಳು, ಅದಕ್ಕೇ ಹಂಚಿ. ಸಾಹುಕಾರರ ಮನೆಯಲ್ಲಿ ಅಡುಗೆಗೆ ಸೇರುತ್ತಾಳೆ. ಆ ಮನೆಯ ಮಗ ಅವಳನ್ನು ಮದುವೆ ಆಗುತ್ತಾನೆ. ಅಲ್ಲಿಗೂ ಅವಳ ಕಷ್ಟ ಮುಗಿಯುವುದಿಲ್ಲ. ಕಳ್ಳ ಗುರುವೊಬ್ಬ ಕೆಟ್ಟ ಹೆಸರು ತಂದು ಅವಳನ್ನು ಮನೆಯಿಂದ ಹೊರಗೆ ಹಾಕಿಸುತ್ತಾನೆ. ಕೊನೆಗೆ ಮನೆಯವರು ಅವಳನ್ನು ಗುರುತಿಸುವುದು ಅವಳು ಮಾಡಿದ ಸಿಹಿ ಅನ್ನದ ರುಚಿಯಿಂದ. ಕಿತ್ತೂರು ನಮ್ಮಿಂದ ಎಷ್ಟು ದೂರ? ಬಸ್ಸಿನಲ್ಲಿ ಒಂದು ತಾಸಿನ ದಾರಿ. ಈ ಕಥೆಯನ್ನೂ ನಾನು ಹುಡುಗಿಯರಿಗೆ ಹೇಳುತ್ತೇನೆ. ಮನೆ ಬಿಟ್ಟವಳು ಮುಖವನ್ನೇ ಮುಚ್ಚಿಕೊಂಡು ಬದುಕಬೇಕಾಯಿತು. ಮನೆಯಲ್ಲಿ ಉಳಿದವಳು ಮುಖ ತೆರೆದುಕೊಂಡೇ ಅಟ್ಟದಲ್ಲಿ ಹಾಡಿದಳು. ಯಾರು ಹೆಚ್ಚು, ಯಾರು ಕಡಿಮೆ ಅಂತ ಅಂಕ ಹಾಕಲು ನನಗೆ ಮನಸ್ಸಿಲ್ಲ.

ಚೆನ್ನಮ್ಮನ ಮಾತು ಎತ್ತಿದ ಆ ಅಪ್ಪನಿಗೂ ನಾನು ಉತ್ತರ ಕೊಟ್ಟೆ. 1824ರಲ್ಲಿ ಕುದುರೆ ಏರಿ ಕತ್ತಿ ಹಿಡಿದ ಚೆನ್ನಮ್ಮನನ್ನು ನಾವೆಲ್ಲ ನೆನೆಯುತ್ತೇವೆ. ಪೇಟೆಗೆ ಹೋದರೆ ಆಕೆಯ ವೃತ್ತವನ್ನು ದಾಟಿಯೇ ಹೋಗುತ್ತೇವೆ. ಆದರೆ ಸೆರೆ ಸಿಕ್ಕಮೇಲೆ ಬೈಲಹೊಂಗಲದ ಕೋಟೆಯಲ್ಲಿ ಆಕೆ ನಾಲ್ಕು ವರ್ಷ ಕಳೆದರು. 1829ರಲ್ಲಿ ಅಲ್ಲೇ ತೀರಿಕೊಂಡರು. ಆ ನಾಲ್ಕು ವರ್ಷ ಆಕೆ ಏನೂ ಮಾಡಲಿಲ್ಲ, ಸುಮ್ಮನೆ ಕೂತಿದ್ದರು ಅಂತ ಯಾರಾದರೂ ಅನ್ನುತ್ತಾರಾ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಖರೇ ಅದ ಬಿಡ್ರಿ” ಅಂದರು. ಮಗಳು ಕ್ಲಾಸಿಗೆ ಬರುವುದು ತಪ್ಪಲಿಲ್ಲ.

ಮಾಯದ ಅಜ್ಜಿ ಬಂದು ಎಲ್ಲ ಮಾಡಿಕೊಟ್ಟಳಲ್ಲ, ಅವಳದೇನು ಸಾಧನೆ ಅಂತ ಇನ್ನೊಂದು ಮಾತು. ಹರಿದ ಬಟ್ಟೆಯಲ್ಲಿ ತೋಟಕ್ಕೆ ಓಡಿ, ಇನ್ನು ನಂಬಲು ಏನೂ ಉಳಿದಿಲ್ಲ ಅಂತ ಅಳುವಾಗ ಆ ಅಜ್ಜಿ ಬರುತ್ತಾಳೆ. ನಂಬಿಕೆ ಪೂರ್ತಿ ಹೋಗಿದ್ದರೆ ನಾನು ಇಲ್ಲಿಗೆ ಬರುವುದಕ್ಕೇ ಆಗುತ್ತಿರಲಿಲ್ಲ ಅನ್ನುತ್ತಾಳೆ. ನನ್ನ ಕ್ಲಾಸ್ ಶುರುವಾಗಿದ್ದು ಪಕ್ಕದ ಮನೆಯ ಕಾಕು ಕೊಟ್ಟ ಒಂದು ಹಳೇ ಮಷೀನಿನಿಂದ. ನನ್ನ ಕೈಯಲ್ಲಿ ಆಗ ಬಿಡಿಗಾಸು ಇರಲಿಲ್ಲ. “ತಗೋವಾ, ರೊಕ್ಕ ಬಂದಾಗ ಕೊಡು” ಅಂದರು. ಆ ಮಷೀನಿನ ಮೇಲೆ ದುಡಿದದ್ದು ನಾನೇ. ಕೊಟ್ಟದ್ದು ಕಾಕು. ಎರಡೂ ನಿಜ.

ಸಿನಿಮಾದಲ್ಲಿ ತಪ್ಪಿಲ್ಲ ಅಂತ ನಾನು ಹೇಳುವುದಿಲ್ಲ. ಕೆಟ್ಟವರನ್ನೆಲ್ಲ ಕುರೂಪವಾಗಿ ಬರೆದಿದ್ದಾರೆ, ಅದು ನನಗೆ ಹಿಡಿಸುವುದಿಲ್ಲ. ನಮ್ಮ ಕ್ಲಾಸಿನಲ್ಲಿ ದೊಡ್ಡ ಪಾದದ, ದಪ್ಪ ಮೂಗಿನ, ಕಪ್ಪು ಬಣ್ಣದ ಹುಡುಗಿಯರಿದ್ದಾರೆ. ಅಲ್ಲಿ ನಿಲ್ಲಿಸಿ ಅದನ್ನು ಬಾಯಿಬಿಟ್ಟು ಹೇಳುತ್ತೇನೆ. ಹೊಲಿಗೆ ಹೆಂಗಸರ ಕೆಲಸ, ನೀವು ಹೋಗಿ ಸಾಮಾನು ತನ್ನಿ ಅಂತ ಒಂದು ಹೆಣ್ಣಿಲಿ ಗಂಡಿಲಿಗಳನ್ನು ಕಳಿಸುತ್ತದೆ. ನಮ್ಮ ಊರಲ್ಲಿ ಒಳ್ಳೊಳ್ಳೆ ಟೇಲರುಗಳು ಗಂಡಸರೇ. ಆ ಸಾಲನ್ನು ನಾನು ಅನುವಾದಿಸದೆ ಬಿಡುತ್ತೇನೆ. ಮದುವೆಯೂ ಸ್ವಲ್ಪ ಅವಸರದ್ದೇ.

ಆದರೆ ಇದೇ ಕಥೆಯ ಹಳೆಯ ರೂಪಗಳನ್ನು ನೋಡಿ. ಜರ್ಮನಿಯ ಗ್ರಿಮ್ ಸಹೋದರರು ಹೇಳಿದ ರೂಪದಲ್ಲಿ ಮಲಸೋದರಿಯರು ಪಾದುಕೆಗಾಗಿ ಕಾಲ್ಬೆರಳು, ಹಿಮ್ಮಡಿ ಕತ್ತರಿಸಿಕೊಳ್ಳುತ್ತಾರೆ. ಹಕ್ಕಿಗಳು ಅವರ ಕಣ್ಣು ಕುಕ್ಕುತ್ತವೆ. ಡಿಸ್ನಿಯವರು 1697ರ ಶಾರ್ಲ್ ಪೆರೋನ ಫ್ರೆಂಚ್ ಕಥೆಯನ್ನು ಆರಿಸಿಕೊಂಡರು. ಗಾಜಿನ ಪಾದುಕೆ, ಕುಂಬಳಕಾಯಿಯ ರಥ ಎಲ್ಲ ಅಲ್ಲಿಂದ ಬಂದದ್ದು. ಸಿನಿಮಾದ ಕೊನೆಯಲ್ಲಿ ಸಿಂಡ್ರೆಲಾ ಯಾರ ಮೇಲೂ ಸೇಡು ತೀರಿಸಿಕೊಳ್ಳುವುದಿಲ್ಲ.

ಚಿತ್ರ ಬಿಡಿಸುವ ಮೊದಲು ಹೆಲೀನ್ ಸ್ಟ್ಯಾನ್ಲಿ ಎಂಬ ನಟಿಯಿಂದ ಅಭಿನಯ ಮಾಡಿಸಿ, ಅದನ್ನು ಚಿತ್ರೀಕರಿಸಿ, ಅದರ ಮೇಲೆ ಕಣ್ಣಿಟ್ಟು ಕಲಾವಿದರು ಕೈಯಲ್ಲೇ ಬಿಡಿಸಿದರು. ಅದಕ್ಕೇ ಅವಳು ತಿರುಗಿದರೆ ಲಂಗದ ನೆರಿಗೆ ಅರ್ಧ ಕ್ಷಣ ತಡವಾಗಿ ತಿರುಗುತ್ತದೆ. ಬಟ್ಟೆಗೆ ತೂಕ ಇದೆ. ಬಟ್ಟೆ ಬೀಳುವ ಬಗೆ ಅಂದರೆ ಏನು ಅಂತ ನಾನು ಕಲಿಸುವುದೇ ಆ ನೆರಿಗೆ ತೋರಿಸಿ.

ಕೊನೆಯ ದೃಶ್ಯವನ್ನು ಮಾತ್ರ ನಾವು ಎರಡು ಸಲ ನೋಡುತ್ತೇವೆ. ಆಳು ಪಾದುಕೆ ಹಿಡಿದು ಓಡಿ ಬರುತ್ತಾನೆ. ಮಲತಾಯಿ ಕೋಲು ಅಡ್ಡ ಇಡುತ್ತಾಳೆ. ಪಾದುಕೆ ಬಿದ್ದು ಚೂರುಚೂರು. ಅಧಿಕಾರಿ ಚೂರುಗಳನ್ನು ಆರಿಸುತ್ತಾ ಗೋಳಾಡುತ್ತಾನೆ. ಸಿಂಡ್ರೆಲಾ ಅಳುವುದಿಲ್ಲ, ಬೇಡುವುದಿಲ್ಲ, ಮಲತಾಯಿಯ ಕಡೆ ತಿರುಗಿ ಒಂದು ಮಾತೂ ಆಡುವುದಿಲ್ಲ. ಇನ್ನೊಂದು ನನ್ನ ಹತ್ತಿರ ಇದೆ ಅಂತ ಹೇಳಿ, ಕಿಸೆಗೆ ಕೈ ಹಾಕಿ ತೆಗೆಯುತ್ತಾಳೆ. ಅವಳನ್ನು ಕೂಡಿಹಾಕಿದ ಕೀಲಿ ಇದ್ದದ್ದೂ ಮಲತಾಯಿಯ ಕಿಸೆಯಲ್ಲೇ. ಹುಡುಗಿಯರ ಬಟ್ಟೆಗೆ ಕಿಸೆ ಇಡಲು ಬಟ್ಟೆ ದಂಡ ಅನ್ನುವವರಿಗೆ ನಾನು ಈ ದೃಶ್ಯ ಹೇಳುತ್ತೇನೆ.

ಆ ಇಳಕಲ್ ಸೀರೆಯಲ್ಲಿ ಮಡಿಕೆ ಬಿಟ್ಟು ಬಿಟ್ಟು ಕತ್ತರಿಸಿ, ಒಳಗೆ ಲೈನಿಂಗ್ ಕೊಟ್ಟು, ಒಂದು ಉದ್ದ ಕುರ್ತಾ ಮಾಡಿದೆವು. ಕತ್ತರಿ ನಾನು ಹಿಡಿದೆ, ಹೊಲಿಗೆಯೆಲ್ಲ ಅವಳದೇ. ಎಡಗಡೆ ಕಿಸೆ ಕೂತಿತು. ಬಲಗಡೆಗೆ ಒಡಲಿನ ಬಟ್ಟೆ ಸಾಲಲಿಲ್ಲ. “ಒಂದೇ ಸಾಕೇನವಾ?” ಅಂದೆ. ಅವಳು ತಲೆ ಅಲ್ಲಾಡಿಸಿ, ಎತ್ತಿಟ್ಟಿದ್ದ ಸೆರಗಿನ ತುಂಡನ್ನು ನನ್ನ ಮುಂದೆ ಹರಡಿದಳು. ಆ ಕೆಂಪು ಟೋಪ್ ತೆನಿಯಲ್ಲೇ ಕತ್ತರಿಸಿ ಇಟ್ಟೆವು.