ಮತ ಹಾಕಿದ ಮೇಲೆ ಕೇಳಿದ ಹಾಡು

2015ರ ಮೇ 7, ಗುರುವಾರ. ಅಮೆರಿಕದ ಟೆನೆಸೀ ರಾಜ್ಯದ ಮೆಂಫಿಸ್ ನಗರದಲ್ಲಿ ಆಗ ಕುಕ್ ಕನ್ವೆನ್ಷನ್ ಸೆಂಟರ್ ಎಂದು ಹೆಸರಿದ್ದ ಸಭಾಭವನದ ಬಾಗಿಲಲ್ಲಿ, ಸ್ವಯಂಸೇವಕರಿಗೆ ಕೊಟ್ಟಿದ್ದ ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡು, ಬಂದವರ ಟಿಕೆಟ್ ನೋಡಿ ಅವರ ಮೇಜು ಯಾವ ಸಾಲಿನಲ್ಲಿದೆ ಎಂದು ತೋರಿಸುವ ಕೆಲಸದಲ್ಲಿ ನಾನಿದ್ದೆ. ಒಳಗೆ, ಅಮೆರಿಕದ ಕಪ್ಪು ಜನರ ನಡುವೆ ಹುಟ್ಟಿದ ಬ್ಲೂಸ್ ಎಂಬ ಸಂಗೀತಕ್ಕೆ ಪ್ರಶಸ್ತಿ ಕೊಡುವ 36ನೆಯ ಬ್ಲೂಸ್ ಮ್ಯೂಸಿಕ್ ಅವಾರ್ಡ್ಸ್ ಸಮಾರಂಭ ಆರಂಭವಾಗುವುದರಲ್ಲಿತ್ತು. ಗಾಯಕರು, ವಾದಕರು, ಧ್ವನಿಮುದ್ರಣ ಮಾಡುವವರು, ಸಣ್ಣ ಊರುಗಳಲ್ಲಿ ಬ್ಲೂಸ್ ಸಂಘ ನಡೆಸುವವರು, ದೂರದ ದೇಶಗಳಿಂದ ಬಂದ ಅಭಿಮಾನಿಗಳು ಎಲ್ಲರೂ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಆದರೆ ಆ ಸಂಜೆ ಅವರ ಮಾತುಗಳಲ್ಲಿ ಪ್ರಶಸ್ತಿಗಿಂತ ಹೆಚ್ಚಾಗಿ ಕೇಳಿಬರುತ್ತಿದ್ದದ್ದು ಬ್ಲೂಸ್‌ನ ಹೆಸರಾಂತ ಗಾಯಕ, ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರ ಹೆಸರು. ತಾನು ಲಾಸ್ ವೇಗಾಸಿನ ಮನೆಯಲ್ಲಿ ಹಾಸ್ಪಿಸ್ ಆರೈಕೆಯಲ್ಲಿದ್ದೇನೆ ಎಂದು ಅವರು ಒಂದು ವಾರದ ಹಿಂದಷ್ಟೇ ತಿಳಿಸಿದ್ದರು. ಹಾಸ್ಪಿಸ್ ಎಂದರೆ ಗುಣವಾಗದವರಿಗೆ ಕೊನೆಯ ದಿನಗಳಲ್ಲಿ ಕೊಡುವ ಆರೈಕೆ ಎಂದು ಅಲ್ಲಿದ್ದ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾನು ಅಲ್ಲಿಗೆ ಬಂದು ನಿಂತದ್ದು ನಮ್ಮ ಬೀದಿಯ ಒಬ್ಬ ಹಿರಿಯರ ದೆಸೆಯಿಂದ. ನಾನು ಉದ್ಯೋಗಕ್ಕಾಗಿ ಮೆಂಫಿಸ್‌ಗೆ ಬಂದ ಮೊದಲ ಬೇಸಿಗೆಯಲ್ಲಿ, ಅಂಚೆ ಇಲಾಖೆಯಿಂದ ನಿವೃತ್ತರಾಗಿದ್ದ ಈ ಕಪ್ಪು ಜನಾಂಗದ ಹಿರಿಯರು ಸಂಜೆ ಹೊತ್ತು ತಮ್ಮ ಮನೆಯ ಜಗಲಿಯಲ್ಲಿ ಹಳೆಯ ಧ್ವನಿಮುದ್ರಿಕೆಗಳನ್ನು ಹಾಕಿಕೊಂಡು ಕೂರುತ್ತಿದ್ದರು. ಧಾರವಾಡದಲ್ಲಿ ಬೆಳೆದ ನನಗೆ, ಅರ್ಥವಾಗದ ಹಾಡನ್ನೂ ಕುಳಿತು ಪೂರ್ತಿ ಕೇಳುವ ಅಭ್ಯಾಸ ಮನೆಯಿಂದಲೇ ಬಂದಿತ್ತು. ನಾನು ಬೇಲಿಯ ಹತ್ತಿರ ನಿಂತು ಕೇಳುವುದನ್ನು ಕಂಡು ಅವರು ಒಳಗೆ ಕರೆದು ಕುರ್ಚಿ ಕೊಟ್ಟರು. ಮೂರು ವರ್ಷಗಳಲ್ಲಿ ಅವರಿಂದ ನಾನು ಕಲಿತದ್ದಕ್ಕೆ ಲೆಕ್ಕವಿಲ್ಲ. ಕೊನೆಗೆ ಒಂದು ದಿನ, ಬರೀ ಕೇಳಿದರೆ ಸಾಲದು, ಸದಸ್ಯಳಾಗು ಎಂದರು. ಈ ಪ್ರಶಸ್ತಿಗಳನ್ನು ನಡೆಸುವ ಬ್ಲೂಸ್ ಫೌಂಡೇಶನ್ ಮೆಂಫಿಸ್‌ನದೇ ಸಂಸ್ಥೆ. ಬ್ಲೂಸ್ ಬಲ್ಲವರ ಸಮಿತಿಯೊಂದು ಪ್ರತಿ ವಿಭಾಗಕ್ಕೂ ಕೆಲವು ಹೆಸರುಗಳನ್ನು ಆರಿಸುತ್ತದೆ, ಆ ಹೆಸರುಗಳಲ್ಲಿ ಒಂದಕ್ಕೆ ಮತ ಹಾಕುವವರು ಜಗತ್ತಿನ ಎಲ್ಲೆಡೆ ಹರಡಿರುವ ಸದಸ್ಯರು. ವಂತಿಗೆ ಕಟ್ಟಿ ಸದಸ್ಯತ್ವ ಪಡೆದ ಎಲ್ಲರಿಗೂ ಮತವಿದೆ. ಹೀಗೆ ಆ ವರ್ಷದ ಆರಂಭದಲ್ಲಿ ನನಗೂ ಮತಪತ್ರ ಬಂತು.

ಇಲ್ಲಿ ನಾನು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ವಿಭಾಗಗಳು ಇಪ್ಪತ್ತನ್ನು ಮೀರಿದ್ದವು. ಸಾಂಪ್ರದಾಯಿಕ ಬ್ಲೂಸ್, ಸಮಕಾಲೀನ ಬ್ಲೂಸ್, ಸೋಲ್ ಬ್ಲೂಸ್, ರಾಕ್ ಬ್ಲೂಸ್, ವಿದ್ಯುತ್ ಇಲ್ಲದ ಗಿಟಾರಿನ ಅಕೂಸ್ಟಿಕ್ ಬ್ಲೂಸ್ ಇವಲ್ಲದೆ ಗಿಟಾರ್, ಬೇಸ್, ಡ್ರಮ್, ಪಿಯಾನೋ ವಾದಕರಿಗೂ, ಬ್ಲೂಸ್‌ನವರು ಹಾರ್ಪ್ ಎಂದು ಕರೆಯುವ ಮೌತ್ ಆರ್ಗನ್ ನುಡಿಸುವವರಿಗೂ ಬೇರೆ ಬೇರೆ ಪ್ರಶಸ್ತಿಗಳು. ನಾಮನಿರ್ದೇಶನಗೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಸಂಗೀತವನ್ನು ನಾನು ಕೇಳಿರಲಿಲ್ಲ. ಆದರೂ ಯಾವುದನ್ನೂ ಖಾಲಿ ಬಿಡಲು ಮನಸ್ಸಾಗದೆ, ಪರಿಚಿತ ಹೆಸರು ಕಂಡಲ್ಲೆಲ್ಲ ಗುರುತು ಹಾಕಿ, ಪರಿಚಿತರು ಯಾರೂ ಇಲ್ಲದ ಕಡೆ ಒಂದನ್ನು ಊಹೆಯಿಂದಲೇ ಆರಿಸಿ, ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದೆ. ಮತ ಹಾಕಿದೆ ಎಂದು ಹಿರಿಯರಿಗೆ ಸಂತೋಷದಿಂದ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಎಲ್ಲರನ್ನೂ ಕೇಳಿದೆಯಾ? ನಾನು ಉತ್ತರ ಕೊಡಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಸಮಾರಂಭದ ದಿನ ಮಧ್ಯಾಹ್ನ ಅವರು ನನ್ನನ್ನು ಬೀಲ್ ಬೀದಿಗೆ ಕರೆದೊಯ್ದು ಹ್ಯಾಂಡಿ ಪಾರ್ಕಿನಲ್ಲಿರುವ ಡಬ್ಲ್ಯೂ.ಸಿ. ಹ್ಯಾಂಡಿ ಅವರ ಪ್ರತಿಮೆಯ ಮುಂದೆ ನಿಲ್ಲಿಸಿದರು. 1980ರ ನವೆಂಬರಿನಲ್ಲಿ, ಇದೇ ಬೀದಿಯ ತುದಿಯಲ್ಲಿರುವ ಆರ್ಫಿಯಮ್ ಥಿಯೇಟರಿನಲ್ಲಿ ಮೊದಲ ಸಲ ಈ ಪ್ರಶಸ್ತಿಗಳನ್ನು ಕೊಟ್ಟಾಗ ಅವುಗಳ ಹೆಸರು ಹ್ಯಾಂಡಿ ಪ್ರಶಸ್ತಿಗಳು ಎಂದೇ ಇತ್ತು. 2006ರಲ್ಲಿ ಈಗಿನ ಹೆಸರು ಬಂದರೂ ಹಳಬರು ಇನ್ನೂ ಹ್ಯಾಂಡಿ ಎಂದೇ ಕರೆಯುತ್ತಾರೆ. ಅಲಬಾಮದಲ್ಲಿ 1873ರಲ್ಲಿ ಹುಟ್ಟಿದ ಹ್ಯಾಂಡಿ ಓದು ಬರಹ ಬಲ್ಲ, ಸ್ವರಲಿಪಿ ಬಲ್ಲ, ವಾದ್ಯವೃಂದ ನಡೆಸುತ್ತಿದ್ದ ಸಂಗೀತಗಾರ. ಸುಮಾರು 1903ರಲ್ಲಿ ಮಿಸಿಸಿಪ್ಪಿಯ ಟಟ್ವೈಲರ್ ಎಂಬ ಪುಟ್ಟ ರೈಲು ನಿಲ್ದಾಣದಲ್ಲಿ ತಡವಾದ ರೈಲಿಗಾಗಿ ಕಾಯುತ್ತ ತೂಕಡಿಸುತ್ತಿದ್ದಾಗ, ಹರಕು ಬಟ್ಟೆಯ ಒಬ್ಬಾತ ಪಕ್ಕದಲ್ಲಿ ಕುಳಿತು ಗಿಟಾರಿನ ತಂತಿಗಳ ಮೇಲೆ ಚಾಕುವನ್ನು ಒತ್ತಿ ಜಾರಿಸುತ್ತ, ಒಂದೇ ಸಾಲನ್ನು ಮತ್ತೆ ಮತ್ತೆ ಹಾಡತೊಡಗಿದನಂತೆ. ಅಂಥ ವಿಲಕ್ಷಣ ಸಂಗೀತವನ್ನು ತಾನು ಅದುವರೆಗೆ ಕೇಳಿರಲಿಲ್ಲ ಎಂದು ಹ್ಯಾಂಡಿ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹತ್ತಿಹೊಲದ ಕೂಲಿಗಳ ನಡುವೆ ಬಾಯಿಂದ ಬಾಯಿಗೆ ಹರಿಯುತ್ತಿದ್ದ ಆ ಹಾಡುಗಾರಿಕೆಯನ್ನು ಅವರು 1912ರಿಂದ ಅಚ್ಚು ಹಾಕಿಸಿ ಲೋಕಕ್ಕೆ ತೋರಿಸಿದರು. ಬ್ಲೂಸ್‌ನ ಪಿತಾಮಹ ಎಂಬ ಬಿರುದೂ ಅವರಿಗೆ ಬಂತು. ನಿಲ್ದಾಣದಲ್ಲಿ ಹಾಡಿದವನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಪ್ರತಿಮೆಯ ಮುಂದೆ ನಿಂತು ಹಿರಿಯರು ಹೇಳಿದ ಮಾತು ನನಗೆ ನೆನಪಿದೆ: ಈ ರಾತ್ರಿ ಕೊಡುವ ಪ್ರತಿಯೊಂದು ಪ್ರಶಸ್ತಿಯೂ ಆ ಹೆಸರಿಲ್ಲದವನಿಗೆ ಸಲ್ಲಬೇಕಾದ ಬಾಕಿ.

ಸಭಾಂಗಣದ ಬಾಗಿಲಿನ ಕೆಲಸ ಮುಗಿದ ಮೇಲೆ ಸ್ವಯಂಸೇವಕರು ಹಿಂದಿನ ಗೋಡೆಗೆ ಒರಗಿ ನಿಂತು ಕಾರ್ಯಕ್ರಮ ನೋಡಬಹುದಿತ್ತು. ಸಾಲು ಕುರ್ಚಿಗಳ ಬದಲಿಗೆ ದುಂಡು ಮೇಜುಗಳು. ಊಟ ನಡೆದಿರುವಾಗಲೇ ವೇದಿಕೆಯ ಮೇಲೆ ಸಂಗೀತ ಆರಂಭವಾಗುತ್ತದೆ. ಕೆಲವು ಪ್ರಶಸ್ತಿಗಳು, ಒಬ್ಬರ ಹಾಡು, ಮತ್ತೆ ಕೆಲವು ಪ್ರಶಸ್ತಿಗಳು, ಇನ್ನೊಬ್ಬರ ಹಾಡು, ಹೀಗೆಯೇ ಅದು ನಡುರಾತ್ರಿಯವರೆಗೂ ಸಾಗುತ್ತದೆ. ಇಷ್ಟು ದೀರ್ಘವಾದ ಸಮಾರಂಭವನ್ನು ದೂರುವವರು ಇದ್ದಾರೆ. ನನಗಂತೂ ಆ ದೀರ್ಘತೆಯೇ ಸರಿಯಾದದ್ದು ಎನ್ನಿಸಿತು. ನಾಮನಿರ್ದೇಶನಗೊಂಡವರಿಗೆ ಗೆಲ್ಲಲಿ ಸೋಲಲಿ ವೇದಿಕೆಯ ಮೇಲೆ ನುಡಿಸುವ ಅವಕಾಶ ದೊರೆಯುವುದು, ಪ್ರಶಸ್ತಿ ಘೋಷಣೆಗಿಂತ ಸಂಗೀತಕ್ಕೇ ಹೆಚ್ಚು ಹೊತ್ತು ಸಲ್ಲುವುದು ನಾನು ಕಂಡ ಸನ್ಮಾನ ಸಮಾರಂಭಗಳಲ್ಲಿ ಅಪರೂಪ.

ರಾತ್ರಿ ಒಂಬತ್ತರ ಸುಮಾರಿಗೆ ವಯಸ್ಸಾದ ಗಾಯಕರೊಬ್ಬರು ಲೋಹದ ಮೈಯ ಗಿಟಾರ್ ಹಿಡಿದು ಒಬ್ಬರೇ ಬಂದು ಕುಳಿತರು. ಕಿರುಬೆರಳಿಗೆ ಗಾಜಿನ ಕೊಳವೆ ತೊಟ್ಟಿದ್ದರು. ಬ್ಲೂಸ್‌ನಲ್ಲಿ ಒಂದು ಸ್ವರವಿದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅದು ಕೋಮಲ ಗಾಂಧಾರವೂ ಅಲ್ಲ, ಶುದ್ಧ ಗಾಂಧಾರವೂ ಅಲ್ಲ, ಎರಡರ ನಡುವೆ ಎಲ್ಲೋ ನಿಂತು ಅತ್ತಿತ್ತ ತುಯ್ಯುತ್ತಿರುತ್ತದೆ. ಪಿಯಾನೋದ ಮನೆಗಳಲ್ಲಿ ಅದಕ್ಕೆ ಜಾಗವಿಲ್ಲ, ಕೊರಳಲ್ಲಿ ಇದೆ, ಜಾರಿಸಿ ನುಡಿಸುವ ತಂತಿಯಲ್ಲಿ ಇದೆ. ಅವರ ಗಾಜು ತಂತಿಯ ಮೇಲೆ ಜಾರಿ ಆ ಜಾಗವನ್ನು ಮುಟ್ಟಿ ನಿಂತಾಗ, ಒಳ್ಳೆಯ ಗಾಯಕರ ಮೀಂಡಿನಲ್ಲಿ ನಮ್ಮ ಉಸಿರು ಒಂದು ಗಳಿಗೆ ಕಟ್ಟುತ್ತದಲ್ಲ, ನನಗೆ ಹಾಗೆಯೇ ಆಯಿತು. ಹಾಡಿನ ಕಟ್ಟು ಬಹಳ ಸರಳ: ಒಂದು ಸಾಲನ್ನು ಹಾಡುತ್ತಾರೆ, ಅದನ್ನೇ ಇನ್ನೊಮ್ಮೆ ಹಾಡುತ್ತಾರೆ, ಮೂರನೆಯ ಸಾಲಿನಲ್ಲಿ ಅದಕ್ಕೆ ಉತ್ತರ ಕೊಡುತ್ತಾರೆ, ಹನ್ನೆರಡು ಆವರ್ತಗಳಲ್ಲಿ ಒಂದು ನುಡಿ ಮುಗಿಯುತ್ತದೆ. ಆದರೆ ಎರಡನೆಯ ಸಲ ಹಾಡುವಾಗ ಅದೇ ಸಾಲು ಬೇರೆಯದಾಗಿರುತ್ತದೆ. ಮೊದಲ ಸಲ ದೂರು ಹೇಳಿದಂತಿದ್ದದ್ದು ಎರಡನೆಯ ಸಲ ತನಗೆ ತಾನೇ ಹೇಳಿಕೊಂಡಂತೆ ಕೇಳಿತು. ಊಟದ ತಟ್ಟೆಗಳ ಸದ್ದೂ ನಿಂತಿತ್ತು.

ಅವರ ಹೆಸರನ್ನು ನಾನು ಮತಪತ್ರದಲ್ಲಿ ನೋಡಿದ್ದೆ. ಕೇಳದೆಯೇ ಅವರನ್ನು ಬಿಟ್ಟು, ಯಾವುದೋ ಪರಿಚಿತ ಹೆಸರಿಗೆ ಗುರುತು ಹಾಕಿದ್ದೆ. ನನ್ನ ಒಂದು ಮತದಿಂದ ಏನೂ ಬದಲಾಗುತ್ತಿರಲಿಲ್ಲ ಎಂದು ಸಮಾಧಾನ ಹೇಳಿಕೊಳ್ಳಲು ನೋಡಿದೆ. ಆದರೆ ನನ್ನಂತೆಯೇ ಮಾಡಿದವರು ನೂರು ಜನ ಇದ್ದಿದ್ದರೆ? ಅವರಿಗೆ ಆ ರಾತ್ರಿ ಪ್ರಶಸ್ತಿ ಬರಲಿಲ್ಲ. ಗೆದ್ದವರು ಅನರ್ಹರೇನಲ್ಲ. ಹಾಗಿದ್ದರೂ ನಾನು ಗೋಡೆಗೆ ಒರಗಿ ನಿಂತಲ್ಲೇ ತಲೆ ತಗ್ಗಿಸಿದೆ.

ಆ ವರ್ಷದ ಅತ್ಯುತ್ತಮ ಆಲ್ಬಮ್, ಅತ್ಯುತ್ತಮ ಹಾಡು, ಅತ್ಯುತ್ತಮ ತಂಡ ಮೂರೂ ಎಲ್ವಿನ್ ಬಿಷಪ್ ಅವರ ಪಾಲಾದವು. ಬಿಷಪ್ ಬಿಳಿಯರು, ಓಕ್ಲಹೋಮಾದಲ್ಲಿ ಬೆಳೆದು 1960ರಲ್ಲಿ ಓದಲೆಂದು ಶಿಕಾಗೋಗೆ ಹೋದವರು, ಅಲ್ಲಿ ಕಪ್ಪು ಜನರ ಬಡಾವಣೆಗಳ ಕ್ಲಬ್ಬುಗಳಲ್ಲಿ ಕುಳಿತು ಈ ವಿದ್ಯೆ ಕಲಿತವರು. ಕಪ್ಪು ಜನರ ನೋವಿನಿಂದ ಹುಟ್ಟಿದ ಕಲೆಗೆ ಬಿಳಿಯರು ಪ್ರಶಸ್ತಿ ಪಡೆಯುವುದು ಸರಿಯೇ ಎಂಬ ಪ್ರಶ್ನೆ ಅಲ್ಲಿ ಇಂದಿಗೂ ಜೀವಂತವಾಗಿದೆ, ಅದನ್ನು ಕೇಳುವವರ ಅಳಲಿನಲ್ಲಿ ನ್ಯಾಯವಿದೆ. ನಾನು ಹಿರಿಯರನ್ನು ಕೇಳಿದಾಗ ಅವರು, ಬಾಗಿಲಲ್ಲಿ ನಿಂತು ಕಲಿತವನಿಗೂ ಕಿಟಕಿಯಿಂದ ಕದ್ದವನಿಗೂ ವ್ಯತ್ಯಾಸವಿದೆ, ಈತ ಬಾಗಿಲಲ್ಲಿ ನಿಂತವನು ಎಂದರು.

ಕೊನೆಯಲ್ಲಿ ಬರುವುದು ವರ್ಷದ ಅತ್ಯುತ್ತಮ ರಂಜಕ ಎಂಬ ಹಿರಿಯ ಪ್ರಶಸ್ತಿ. ಅದಕ್ಕೆ ಬಿ.ಬಿ. ಕಿಂಗ್ ಅವರದೇ ಹೆಸರು. ತನ್ನ ಹೆಸರಿನ ಪ್ರಶಸ್ತಿಯನ್ನು ಬದುಕಿದ್ದಾಗಲೇ ಇತರರಿಗೆ ಕೊಡುವುದನ್ನು ಕಾಣುವ ಭಾಗ್ಯ ಅವರದಾಗಿತ್ತು. ಆ ರಾತ್ರಿ ಅದು ಬಾಬಿ ರಷ್ ಅವರಿಗೆ ಸಂದಿತು. ಲೂಯಿಸಿಯಾನದ ಹಳ್ಳಿಯಲ್ಲಿ ಹುಟ್ಟಿದ ರಷ್, ಬಿಳಿಯರ ಸಭಾಂಗಣಗಳು ಕಪ್ಪು ಕಲಾವಿದರಿಗೆ ಮುಚ್ಚಿದ್ದ ಕಾಲದಲ್ಲಿ ದಕ್ಷಿಣದ ಸಣ್ಣ ಸಣ್ಣ ಕ್ಲಬ್ಬುಗಳನ್ನು ಸುತ್ತುತ್ತ ಹೊಟ್ಟೆ ಹೊರೆದವರು, ಆಗಲೇ ಎಂಬತ್ತರ ಆಸುಪಾಸಿನಲ್ಲಿದ್ದರು. ಅವರ ಹೆಸರು ಕೇಳಿದ ಕೂಡಲೇ ಇಡೀ ಸಭೆ ಎದ್ದು ನಿಂತಿತು. ಆ ಚಪ್ಪಾಳೆಯಲ್ಲಿ ಒಂದು ಪಾಲು ಲಾಸ್ ವೇಗಾಸಿನಲ್ಲಿ ಮಲಗಿದ್ದವರಿಗೆ ಎಂದು ನಾನು ಎಣಿಸಿದೆ.

ಬ್ಲೂಸ್ ಫೌಂಡೇಶನ್ ಸಂಸ್ಥೆಯ ಇನ್ನೊಂದು ಕೆಲಸವನ್ನು ಹೇಳದೆ ಮುಂದೆ ಹೋಗಲಾರೆ. ಅಲ್ಲಿ ಹಾಡುವವರಲ್ಲಿ ಅನೇಕರಿಗೆ ಆರೋಗ್ಯ ವಿಮೆ ಇಲ್ಲ. ಜೀವನವಿಡೀ ರಾತ್ರಿ ಪ್ರಯಾಣ, ಸಿಕ್ಕಷ್ಟು ಸಂಭಾವನೆ, ಹಳೆಯ ಧ್ವನಿಮುದ್ರಿಕೆಗಳ ಹಕ್ಕನ್ನು ಎಂದೋ ಬೇರೆಯವರಿಗೆ ಬಿಟ್ಟುಕೊಟ್ಟ ಬದುಕು. ಇಂಥವರ ಚಿಕಿತ್ಸೆಗೂ, ತೀರಿಕೊಂಡರೆ ಅಂತ್ಯಸಂಸ್ಕಾರಕ್ಕೂ ನೆರವಾಗಲೆಂದು ಹ್ಯಾಂಡಿ ಅವರ ಹೆಸರಿನಲ್ಲಿಯೇ ಒಂದು ಪರಿಹಾರ ನಿಧಿಯಿದೆ. ಊರಿನಲ್ಲಿ ನಮ್ಮ ಮನೆಗೆ ಬರುತ್ತಿದ್ದ ತತ್ವಪದಕಾರರೊಬ್ಬರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಿದ ಮರುವರ್ಷವೇ ಅವರು ಔಷಧಿಗೆ ಹಣವಿಲ್ಲದೆ ತೀರಿಕೊಂಡದ್ದು ನನಗೆ ನೆನಪಾಯಿತು. ಪ್ರಶಸ್ತಿಫಲಕ ಕೊಡುವ ಕೈಯೇ ಆಸ್ಪತ್ರೆಯ ಬಿಲ್ಲನ್ನೂ ವಿಚಾರಿಸುತ್ತದೆ ಎಂಬುದನ್ನು ಕಂಡು ಆ ರಾತ್ರಿ ನಾನು ಈ ಸಂಸ್ಥೆಗೆ ಮನಸಾರೆ ಸೇರಿದೆ. ವಂತಿಗೆ ಕಟ್ಟಿದ ದಿನ ಸೇರಿದ್ದು ಬರೀ ಹೆಸರಿಗೆ.

ಮರುದಿನ ಸೌತ್ ಮೇನ್ ಬೀದಿಯಲ್ಲಿ ಬ್ಲೂಸ್ ಹಾಲ್ ಆಫ್ ಫೇಮ್ ವಸ್ತುಸಂಗ್ರಹಾಲಯದ ಬಾಗಿಲು ತೆರೆಯಿತು. ಮೂವತ್ತೈದು ವರ್ಷಗಳಿಂದ ಗೌರವ ಪಟ್ಟಿಗೆ ಸೇರುತ್ತ ಬಂದವರ ಹೆಸರುಗಳಿಗೆ ಆ ದಿನ ಒಂದು ಮನೆ ಸಿಕ್ಕಿತು. ಅಲ್ಲಿಂದ ಹೊರಗೆ ಬಂದರೆ ಕೂಗಳತೆಯಲ್ಲಿ ಲೊರೇನ್ ಮೋಟೆಲ್. 306ನೆಯ ಕೋಣೆಯ ಮುಂದಿನ ಬಾಲ್ಕನಿಯಲ್ಲಿ, 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಗುಂಡೇಟಿಗೆ ಬಿದ್ದ ಸ್ಥಳದಲ್ಲಿ, ಇಂದಿಗೂ ಹೂವಿನ ಚಕ್ರ ತೂಗಿದೆ. ಅವರು ಮೆಂಫಿಸ್‌ಗೆ ಬಂದದ್ದು ಕಸ ಎತ್ತುವ ಕಪ್ಪು ಕಾರ್ಮಿಕರ ಮುಷ್ಕರಕ್ಕೆ ಬೆಂಬಲವಾಗಿ. 'ನಾನೊಬ್ಬ ಮನುಷ್ಯ' ಎಂಬ ಫಲಕಗಳನ್ನು ಎದೆಗೆ ತೂಗಿಕೊಂಡು ಆ ಕಾರ್ಮಿಕರು ನಡೆದದ್ದನ್ನು ಯುವಕರಾಗಿದ್ದಾಗ ಕಣ್ಣಾರೆ ಕಂಡಿದ್ದ ಹಿರಿಯರು, ಸಂಗ್ರಹಾಲಯದ ಮೆಟ್ಟಿಲ ಮೇಲೆ ಕುಳಿತು ಬಹಳ ಹೊತ್ತು ಅತ್ತ ನೋಡುತ್ತಿದ್ದರು. ನಾನು ಮಾತನಾಡಿಸಲಿಲ್ಲ.

ಮೇ 14ರಂದು ಬಿ.ಬಿ. ಕಿಂಗ್ ತೀರಿಕೊಂಡರು. 27ರಂದು ಅವರ ದೇಹವನ್ನು ಮೆಂಫಿಸ್‌ಗೆ ತಂದಾಗ ನಾವಿಬ್ಬರೂ ಬೀಲ್ ಬೀದಿಯ ಅಂಚಿನಲ್ಲಿ ನಿಂತಿದ್ದೆವು. ಹತ್ತಿಹೊಲದಿಂದ ಬಂದ ರೈಲಿ ಕಿಂಗ್ ಎಂಬ ಹುಡುಗ 1940ರ ದಶಕದ ಕೊನೆಯಲ್ಲಿ ಇಲ್ಲಿನ ಡಬ್ಲ್ಯೂ.ಡಿ.ಐ.ಎ. ರೇಡಿಯೋದಲ್ಲಿ ಹಾಡುತ್ತ 'ಬೀಲ್ ಬೀದಿಯ ಬ್ಲೂಸ್ ಬಾಯ್' ಎನ್ನಿಸಿಕೊಂಡು, ಮುಂದೆ ಅದೇ ಚಿಕ್ಕದಾಗಿ ಬಿ.ಬಿ. ಆದದ್ದು. ಮಳೆ ಹನಿಯುತ್ತಿತ್ತು. ಹಿತ್ತಾಳೆಯ ವಾದ್ಯಗಳವರು ನುಡಿಸುತ್ತ ಮುಂದೆ ನಡೆದರು, ಶವವಾಹನ ಹಿಂದೆ ಬಂತು, ಅವರು ಲೂಸಿಲ್ ಎಂದು ಕರೆಯುತ್ತಿದ್ದ ಗಿಟಾರನ್ನು ಒಬ್ಬರು ಕೈಯಲ್ಲಿ ಹಿಡಿದು ಸಾಗಿದರು. ಆಮೇಲೆ ವಾಹನ ಹೆದ್ದಾರಿ 61ನ್ನು ಹಿಡಿದು ದಕ್ಷಿಣಕ್ಕೆ, ಅವರ ಊರಾದ ಇಂಡಿಯನೋಲಾಕ್ಕೆ ಹೊರಟಿತು. ಹಿರಿಯರು ತಲೆಯ ಹ್ಯಾಟನ್ನು ತೆಗೆದು ಮಳೆಯಲ್ಲಿಯೇ ನಿಂತಿದ್ದರು.

ಮುಂದಿನ ವರ್ಷದ ಮತಪತ್ರ ಬಂದಾಗ ನಾನು ಅದನ್ನು ಅವರ ಜಗಲಿಗೆ ಒಯ್ದೆ. ಆರು ವಾರ, ವಾರಕ್ಕೆ ಮೂರು ಸಂಜೆಯಂತೆ ಕುಳಿತು, ಪಟ್ಟಿಯಲ್ಲಿದ್ದವರನ್ನು ಒಬ್ಬೊಬ್ಬರನ್ನಾಗಿ ಕೇಳಿದೆವು. ಕೊನೆಯ ದಿನ ಬಂದರೂ ನಾಲ್ಕು ವಿಭಾಗಗಳು ಕೇಳದೆ ಉಳಿದಿದ್ದವು. ಅವುಗಳನ್ನು ಖಾಲಿ ಬಿಟ್ಟು ಮತ ಕಳಿಸಿದೆ. ಹಿರಿಯರು ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಕೇಳದೆ ಉಳಿದಿದ್ದ ಮೊದಲ ಧ್ವನಿಮುದ್ರಿಕೆಯನ್ನು ಹಾಕಲು ಎದ್ದರು.