ಫೇಸ್‌ಬುಕ್ ಇರುವಾಗ ಕವಿತೆಗೊಂದು ಪತ್ರಿಕೆ ಯಾಕೆ?

ಯಾವ ಕವಿಗೋಷ್ಠಿಗೆ ಹೋದರೂ ಚಹಾ ಹೊತ್ತಿಗೆ ಯಾರಾದರೂ ಹತ್ತಿರ ಬಂದು ಇದನ್ನೇ ಕೇಳುತ್ತಾರೆ. "ಸರ್, ಫೇಸ್‌ಬುಕ್ಕಲ್ಲಿ ಹಾಕಿದ್ರೆ ಸಂಜೆಯೊಳಗೆ ನೂರು ಲೈಕ್ ಬರುತ್ತೆ. ನಿಮ್ಮ ಪತ್ರಿಕೆಗೆ ಕಳಿಸಿದ್ರೆ ಮೂರು ತಿಂಗಳು ಕಾಯಬೇಕು, ಸಂಭಾವನೆಯೂ ಇಲ್ಲ. ಯಾಕೆ ಕಳಿಸಬೇಕು ಹೇಳಿ?" ನ್ಯಾಯವಾದ ಪ್ರಶ್ನೆಯೇ. ಇಷ್ಟು ದಿನ ಏನೋ ಹಾರಿಕೆಯ ಉತ್ತರ ಕೊಟ್ಟು ಬೋಂಡಾದ ತಟ್ಟೆ ಕಡೆ ತಿರುಗಿಬಿಡುತ್ತಿದ್ದೆ.

ಮೊದಲು ಲೆಕ್ಕ ಮುಗಿಸಿಬಿಡೋಣ. ನಮ್ಮದು ತ್ರೈಮಾಸಿಕ. ಅಚ್ಚಿನ ಲೆಕ್ಕದಲ್ಲಿ ಒಂದು ಫಾರಂ ಅಂದರೆ 16 ಪುಟ, ನಮ್ಮ ಐದು ಫಾರಂ ಅಂದರೆ 80 ಪುಟ. ಆರನೇ ಫಾರಂಗೆ ದುಡ್ಡಿಲ್ಲ. ಹಾಗಾಗಿ 81ನೇ ಪುಟಕ್ಕೆ ಬರಬೇಕಾದ ಕವಿತೆ ಎಷ್ಟೇ ಚೆನ್ನಾಗಿದ್ದರೂ ಮುಂದಿನ ಸಂಚಿಕೆಗೆ ಕಾಯಬೇಕು. ಚಂದಾದಾರರಿಗಿಂತ ಕವಿತೆ ಕಳಿಸುವವರೇ ಜಾಸ್ತಿ. ಕೆಲವರು ಆಜೀವ ಚಂದಾ ಕಟ್ಟಿದ್ದಾರೆ; ಅದು ಅವರ ಜೀವವೋ ಪತ್ರಿಕೆಯ ಜೀವವೋ ಅಂತ ಇಬ್ಬರೂ ಕೇಳಿಕೊಂಡಿಲ್ಲ.

ಈಗ ಉತ್ತರ. ಎರಡು ವರ್ಷದ ಹಿಂದೆ ಒಬ್ಬ ಹುಡುಗಿ ಕವಿತೆ ಕಳಿಸಿದ್ದಳು. ಅಪ್ಪ ಬಸ್ ಕಂಡಕ್ಟರ್. ರಾತ್ರಿ ಮನೆಗೆ ಬಂದು ಮಂಚದ ಮೇಲೆ ಚಿಲ್ಲರೆ ಸುರಿದು, ದೀಪ ಹಾಕದೆ, ಬೆರಳಿನಿಂದಲೇ ಒಂದರ ನಾಣ್ಯ ಯಾವುದು ಎರಡರದ್ದು ಯಾವುದು ಅಂತ ಬೇರೆ ಮಾಡುತ್ತಾನೆ. ಓದುತ್ತಾ ಓದುತ್ತಾ ನನಗೆ ನಾಣ್ಯದ ಸದ್ದೇ ಕೇಳಿಸಿತು. ಆಮೇಲೆ ಕೊನೆಯಲ್ಲಿ ಎರಡು ಸಾಲು: ಅಪ್ಪಾ ನೀನೇ ನನ್ನ ದೇವರು, ಇತ್ಯಾದಿ. ನಾನು ಬರೆದೆ, ಆ ಎರಡು ಸಾಲು ತೆಗೆದು ನೋಡಮ್ಮ ಅಂತ. ಆಕೆಗೆ ಸಿಟ್ಟು ಬಂತು. ಫೇಸ್‌ಬುಕ್ಕಲ್ಲಿ ಎಲ್ಲರೂ ಕಣ್ಣೀರು ಬಂತು ಅಂದಿದ್ದು ಆ ಎರಡು ಸಾಲಿಗೇ, ನಿಮಗೆ ಅಪ್ಪ ಅಂದ್ರೆ ಏನು ಅಂತ ಗೊತ್ತಿಲ್ಲ ಅಂದಳು. ಸುಮ್ಮನಾದೆ. ನಾಲ್ಕು ತಿಂಗಳಾದ ಮೇಲೆ ಕವಿತೆ ವಾಪಸ್ ಬಂತು. ಎರಡಲ್ಲ, ನಾಲ್ಕು ಸಾಲು ಹೋಗಿತ್ತು. ಎಣಿಸಿ ಮುಗಿಸಿ ಮಲಗಿದ ಮೇಲೂ ಅಪ್ಪನ ಹೆಬ್ಬೆರಳು ತೋರುಬೆರಳಿನ ಮೇಲೆ ಉಜ್ಜುತ್ತಲೇ ಇತ್ತು ಅನ್ನುವಲ್ಲಿಗೆ ಕವಿತೆ ನಿಂತಿತ್ತು.

ಲೈಕ್ ಒತ್ತಿದ ನೂರು ಜನ ಕೆಟ್ಟವರಲ್ಲ. ಅವರು ಆ ಹುಡುಗಿಯನ್ನು ಬಲ್ಲವರು, ಅವಳ ಅಪ್ಪನನ್ನು ಇಷ್ಟಪಟ್ಟವರು. ಆದರೆ ಕವಿತೆಗೆ ಅವಳ ಪರಿಚಯವೇ ಇಲ್ಲದ ಒಬ್ಬ ಓದುಗ ಬೇಕು, ಬೇಡ ಅನ್ನುವ ಹಕ್ಕಿರುವ ಓದುಗ. ನಾನು ಮಾಡುವ ಕೆಲಸ ಅಷ್ಟೇ. ಉಳಿದದ್ದೆಲ್ಲ ಗುಮಾಸ್ತಗಿರಿ. 'ನುಡಿ' ತಂತ್ರಾಂಶದಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡಿಗೆ ತರುವುದು, ತಂದಾಗ ಎಗರಿಹೋದ ಅರ್ಕಾವೊತ್ತು ಹುಡುಕುವುದು, ಕವರಿಗೆ ವಿಳಾಸ ಅಂಟಿಸುವುದು. ಫೋನಿನಲ್ಲಿ ಇನ್ನೊಂದು ತಾಪತ್ರಯ. ಉದ್ದದ ಸಾಲು ಪರದೆಯ ಅಂಚಿಗೆ ಬಂದು ತಾನೇ ಮುರಿದು ಕೆಳಗೆ ಬೀಳುತ್ತದೆ. ಸಾಲು ಎಲ್ಲಿ ನಿಲ್ಲಬೇಕು ಅಂತ ಕವಿ ವಾರಗಟ್ಟಲೆ ಯೋಚಿಸಿರುತ್ತಾನೆ, ಕೊನೆಗೆ ತೀರ್ಮಾನ ಮಾಡೋದು ಸ್ಯಾಮ್‌ಸಂಗಿನ ಅಗಲ! ಕಾಗದದ ಮೇಲೆ ಸಾಲು ನಿಲ್ಲಿಸಿದ ಕಡೆ ನಿಲ್ಲುತ್ತದೆ.

ಹಾಗಂತ ಸಂಪಾದಕರು ಹೇಳಿದ್ದೇ ಸರಿ ಅಂತಲ್ಲ. ಹ್ಯಾರಿಯೆಟ್ ಮನ್ರೋ 1912ರಲ್ಲಿ ಷಿಕಾಗೋದಲ್ಲಿ 'ಪೊಯಟ್ರಿ' ಅನ್ನುವ ಕವಿತೆಯ ಪತ್ರಿಕೆ ಶುರು ಮಾಡಿದ್ದು, ವರ್ಷಕ್ಕೆ 50 ಡಾಲರಿನಂತೆ ಐದು ವರ್ಷ ಕೊಡುತ್ತೇವೆ ಅಂತ ಮಾತು ಕೊಟ್ಟ ನೂರು ಜನರ ದುಡ್ಡಿನಿಂದ. (ನಮ್ಮಲ್ಲೂ ಅಂಥ ನೂರು ಜನ ಇದ್ದರೆ ವಿಳಾಸ ಕಳಿಸಿ.) ನಮ್ಮ ನವ್ಯ ಕವಿಗಳು ತಲೆಮೇಲೆ ಹೊತ್ತ ಇಂಗ್ಲಿಷ್ ಕವಿ ಎಲಿಯಟ್ ಇದ್ದಾನಲ್ಲ, ಅವನ 'ಪ್ರುಫ್ರಾಕ್' ಕವಿತೆಯನ್ನು ಇನ್ನೊಬ್ಬ ಕವಿ ಎಜ್ರಾ ಪೌಂಡ್ ಮನ್ರೋಗೆ ಕಳಿಸಿದ್ದು 1914ರಲ್ಲಿ. ಆಕೆಗೆ ಅದು ಅಷ್ಟಾಗಿ ಹಿಡಿಸಲಿಲ್ಲ. ಪೌಂಡ್ ಪತ್ರದ ಮೇಲೆ ಪತ್ರ ಬರೆದು ಪೀಡಿಸಿದ ಮೇಲೆ 1915ರ ಜೂನ್ ಸಂಚಿಕೆಯಲ್ಲಿ ಬಂತು. ನಾನು ಬೇಡ ಅಂದವುಗಳಲ್ಲೂ ಎಷ್ಟು ತಪ್ಪಾಗಿದೆಯೋ. ಒಂದು ಕವಿತೆಯ ವಿಷಯವಂತೂ ಗೊತ್ತು, ಅದು ಬೇರೆ ಕಡೆ ಅಚ್ಚಾದಾಗ ಓದಿ ಆ ದಿನವಿಡೀ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದೆ.

ಇನ್ನೊಂದು ವಿಷಯ, ಪಕ್ಕದ ಪುಟ. ಕವಿ ಅಡಿಗರ 'ಸಾಕ್ಷಿ' ಪತ್ರಿಕೆ ಇರಲಿ, 1964ರಲ್ಲಿ ಧಾರವಾಡದಲ್ಲಿ ಚಂಪಾ, ಗಿರಡ್ಡಿ, ಪಟ್ಟಣಶೆಟ್ಟಿ ಸೇರಿ ಶುರು ಮಾಡಿದ 'ಸಂಕ್ರಮಣ' ಇರಲಿ, ಹಳೇ ಸಂಚಿಕೆ ತೆಗೆದರೆ ಒಬ್ಬ ಹೊಸಬನ ಎದುರು ಪುಟದಲ್ಲಿ ಇನ್ನೊಬ್ಬನ ಕವಿತೆ ಸಿಗುತ್ತದೆ. ಒಂದನ್ನು ಓದಿದ ಕಣ್ಣು ಇನ್ನೊಂದರ ಮೇಲೆ ಬೀಳಲೇಬೇಕು. ನಿಮ್ಮ ವಾಲಿನ ಮೇಲೆ ನೀವೊಬ್ಬರೇ ಅಲ್ವಾ?

ಇದು ಎಷ್ಟು ದಿನ ನಡೆಯುತ್ತೆ ಅಂತಲೂ ಕೇಳುತ್ತಾರೆ. ವಿವೇಕ ಶಾನಭಾಗರ 'ದೇಶ ಕಾಲ' ಪತ್ರಿಕೆ 2005ರಲ್ಲಿ ಶುರುವಾಗಿ ಏಳು ವರ್ಷ ಬಂತು. ಅದರ ಸಂಚಿಕೆಗಳನ್ನು ಈಗಲೂ ಜನ ಹುಡುಕುತ್ತಾರೆ. ನಮ್ಮದು ಸದ್ಯಕ್ಕೆ ಮುಂದಿನ ಸಂಚಿಕೆವರೆಗೆ.

ಅಂದ ಹಾಗೆ, ಕಂಡಕ್ಟರ್ ಕವಿತೆ ಬರೆದ ಹುಡುಗಿ ಇವತ್ತಿಗೂ ಚಂದಾ ಕಟ್ಟಿಲ್ಲ. ಅವರಪ್ಪ ಕಟ್ಟಿದ್ದಾರೆ.