ಎರಡು ಬೋರ್ಡ್‌ಗಳ ನಡುವಿನ ರಹಸ್ಯ ಕೀಲಿ: ಆರನೆಯ ವಾರದ ಟಿಪ್ಪಣಿ

ಎರಡು ಇಎಸ್‌ಪಿ32 ಬೋರ್ಡ್‌ಗಳು (ವೈ-ಫೈ ಚಿಪ್ ಇರುವ ಪುಟ್ಟ ಬೋರ್ಡ್‌ಗಳು) ಪರಸ್ಪರ ಪ್ಯಾಕೆಟ್ ಕಳುಹಿಸಿ, ಬಂದ ಸಂಕೇತದ ಬಲವನ್ನು ದಾಖಲಿಸಿಕೊಳ್ಳುವ ಹಂತಕ್ಕೆ ಕಳೆದ ವಾರ ತಲುಪಿದ್ದೆ. ಈ ವಾರ ಆ ದಾಖಲೆಗಳಿಂದ 128 ಬಿಟ್‌ಗಳ ಕೀಲಿ, ಅಂದರೆ ಸಂದೇಶಗಳನ್ನು ಗುಟ್ಟಾಗಿಡಲು ಎರಡೂ ಬೋರ್ಡ್‌ಗಳಿಗೆ ಮಾತ್ರ ತಿಳಿದಿರಬೇಕಾದ ಸೊನ್ನೆ-ಒಂದುಗಳ ಸಾಲು, ದೊರೆಯಿತು. ಆದರೆ ಮೊದಲು ದೊರೆತ ಕೀಲಿಯನ್ನು ಕೈಬಿಡಬೇಕಾಯಿತು.

ಒಂದೇ ಆವರ್ತನದಲ್ಲಿ, ಬಹುತೇಕ ಒಂದೇ ಕ್ಷಣದಲ್ಲಿ ಅಳೆದರೆ, ಹೋಗುವ ಅಲೆ ಗೋಡೆ, ಬೀರು, ಮನುಷ್ಯರಿಗೆ ತಾಗಿ ಹೇಗೆ ಏರಿಳಿಯುತ್ತದೆಯೋ ಮರಳುವ ಅಲೆಯೂ ಹಾಗೆಯೇ ಏರಿಳಿಯುತ್ತದೆ. 2.4 ಗಿಗಾಹರ್ಟ್ಜ್‌ನಲ್ಲಿ ತರಂಗಾಂತರ ಸುಮಾರು 12.5 ಸೆಂ.ಮೀ.; ಎಲ್ಲ ದಿಕ್ಕುಗಳಿಂದಲೂ ಪ್ರತಿಫಲನಗಳು ಬರುವ ಜಾಗದಲ್ಲಿ, ಅದರ ಅರ್ಧದಷ್ಟು ದೂರ ಸರಿದು ಕದ್ದಾಲಿಸುವವನಿಗೆ ಕಾಣುವ ಏರಿಳಿತವೇ ಬೇರೆ. ಹೀಗೆ ಇಬ್ಬರಿಗೆ ಮಾತ್ರ ಹೊಂದುವ ಆಕಸ್ಮಿಕತೆಯಿಂದ, ಬಹಿರಂಗವಾಗಿ ಮಾತನಾಡಿಯೂ ಗುಟ್ಟಿನ ಕೀಲಿ ಪಡೆಯಬಹುದೆಂಬುದಕ್ಕೆ 1993ರಲ್ಲಿ ಗೂಢಲಿಪಿಶಾಸ್ತ್ರಜ್ಞ ಯೂಲಿ ಮೌರರ್ ಗಣಿತದ ಆಧಾರ ಕೊಟ್ಟರು.

ಒಂದು ಬೋರ್ಡನ್ನು ಕೈಯಲ್ಲಿ ಹಿಡಿದು ನಡೆಯುತ್ತ, ಪ್ರತಿ 10 ಮಿಲಿಸೆಕೆಂಡಿಗೊಮ್ಮೆ ಅಳೆದು, ಸರಾಸರಿಯ ಮೇಲಿನ ಮತ್ತು ಕೆಳಗಿನ ಅಳತೆಗಳನ್ನು ಒಂದು-ಸೊನ್ನೆಗಳಾಗಿ ಬರೆದುಕೊಂಡೆ. ಎರಡೂ ಕಡೆಯ ಬಿಟ್‌ಗಳು ಅದೆಷ್ಟು ಚೆನ್ನಾಗಿ ಹೊಂದಿದವೆಂದರೆ, ಕೆಲಸ ಮುಗಿಯಿತೆಂದೇ ಭಾವಿಸಿದೆ. ಸಾಲನ್ನು ಕಾಗದದ ಮೇಲೆ ಬರೆದು ನೋಡಿದಾಗಲೇ ತಿಳಿದದ್ದು: ಸೊನ್ನೆಗಳ ಉದ್ದನೆಯ ಗುಂಪು, ಬಳಿಕ ಒಂದುಗಳ ಗುಂಪು. ಸೆಕೆಂಡಿಗೆ ಒಂದು ಮೀಟರ್ ನಡಿಗೆಯಲ್ಲಿ ಚಾನೆಲ್ (ಬೋರ್ಡ್‌ಗಳ ನಡುವೆ ಅಲೆ ಸಾಗುವ ಹಾದಿ) ಗಮನಾರ್ಹವಾಗಿ ಬದಲಾಗಲು ಸುಮಾರು 50 ಮಿಲಿಸೆಕೆಂಡು ಬೇಕು. ನಾನು ಒಂದೇ ಸುದ್ದಿಯನ್ನು ಐದು ಸಲ ಬರೆದುಕೊಳ್ಳುತ್ತಿದ್ದೆ. ಹೊಂದಾಣಿಕೆಯನ್ನೇ ಗೌಪ್ಯತೆಯೆಂದು ತಿಳಿದದ್ದು ನನ್ನ ತಪ್ಪು. ಈಗ ಎರಡು ದಿಕ್ಕಿನ ಅಳತೆಗಳನ್ನು ಐದು ಮಿಲಿಸೆಕೆಂಡಿನೊಳಗೆ ಮುಗಿಸಿ, ಮುಂದಿನ ಜೋಡಿಗೆ 100 ಮಿಲಿಸೆಕೆಂಡು ಕಾಯುತ್ತೇನೆ.

ಇನ್ನೊಂದು ಆತಂಕ ಇದಕ್ಕಿಂತ ಗಂಭೀರವಾದದ್ದು. ಬೋರ್ಡ್‌ಗಳೆರಡನ್ನೂ ಮೇಜಿನ ಮೇಲಿಟ್ಟು ನಡುವೆ ಅಡ್ಡಾಡಿದರೆ, ನನ್ನ ಹೆಜ್ಜೆಯ ಲಯವೇ ಬಿಟ್‌ಗಳಲ್ಲಿ ಮೂಡುತ್ತದೆ. ಅಂದರೆ ಅಡ್ಡಾಡುವವನೇ ಕೀಲಿಯನ್ನು ಬರೆಸಬಲ್ಲ. ಈ ದಾಳಿಯನ್ನು ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲೇ ತೋರಿಸಿದ್ದರು. ಆದ್ದರಿಂದ ಸದ್ಯಕ್ಕೆ, ಬೋರ್ಡ್ ಕೈಯಲ್ಲಿ ಚಲಿಸುತ್ತಿರುವಾಗಿನ ದಾಖಲೆಗಳನ್ನು ಮಾತ್ರ ಬಳಸುತ್ತಿದ್ದೇನೆ.

ಉಳಿದ ಹಂತಗಳು ಸರಾಗವಾಗಿ ಸಾಗಿದವು. ಸರಾಸರಿಗೆ ತೀರ ಹತ್ತಿರದ ಅಳತೆಗಳನ್ನು ಬಿಟ್ಟು, ಅವುಗಳ ಸ್ಥಾನಸಂಖ್ಯೆಯನ್ನಷ್ಟೇ ಬಹಿರಂಗವಾಗಿ ಹಂಚಿಕೊಳ್ಳುತ್ತೇನೆ. ಮಿಕ್ಕ ವ್ಯತ್ಯಾಸಗಳನ್ನು, ಮೂಲತಃ ಕ್ವಾಂಟಮ್ ಕೀಲಿ ವಿನಿಮಯಕ್ಕೆಂದು ರೂಪಿಸಲಾದ ಕ್ಯಾಸ್ಕೇಡ್ ವಿಧಾನ ಸರಿಪಡಿಸುತ್ತದೆ: ಗುಂಪು ಗುಂಪಾಗಿ ಸಮ-ಬೆಸ ಹೋಲಿಸಿ, ತಪ್ಪಿರುವ ಗುಂಪನ್ನು ಸೀಳುತ್ತ ಹೋಗುವುದು. ಪ್ರತಿ ಹೋಲಿಕೆಯೂ ಕದ್ದಾಲಿಸುವವನಿಗೆ ಒಂದು ಬಿಟ್‌ನಷ್ಟು ಮಾಹಿತಿ ಕೊಡಬಹುದಾದ್ದರಿಂದ, ಅಷ್ಟನ್ನೂ ಲೆಕ್ಕದಿಂದ ಕಳೆದು, 500ಕ್ಕೂ ಹೆಚ್ಚು ಬಿಟ್‌ಗಳನ್ನು ಹ್ಯಾಶ್ (ಉದ್ದನೆಯ ಸಾಲನ್ನು ಕಲಸಿ ಚಿಕ್ಕದಾಗಿಸುವ ಲೆಕ್ಕ) ಮೂಲಕ 128ಕ್ಕೆ ಇಳಿಸುತ್ತಿದ್ದೇನೆ.

ಗೋಡೆಗೆ ತಿರುಪು ಹಾಕಿ ಕೂರಿಸಿದ ಸಂವೇದಕಕ್ಕೆ ಈ ವ್ಯವಸ್ಥೆ ಇನ್ನೂ ಒದಗುವುದಿಲ್ಲ. ಇಡೀ ಪ್ಯಾಕೆಟ್‌ಗೆ ಒಂದೇ ಸಂಖ್ಯೆಯ ಬದಲು ಪ್ರತಿ ಉಪವಾಹಕದ (ವೈ-ಫೈ ಸಂಕೇತ ಹಂಚಿಹೋಗುವ ಕಿರು ಆವರ್ತನಗಳಲ್ಲಿ ಒಂದೊಂದರ) ಸ್ಥಿತಿಯನ್ನೂ ಇದೇ ಚಿಪ್ ಕೊಡುತ್ತದೆ; ಮುಂದಿನ ವಾರ ಅದನ್ನು ದಾಖಲಿಸುತ್ತೇನೆ, ಜೊತೆಗೆ ಮೂರನೆಯ ಬೋರ್ಡೊಂದನ್ನು ಆರು ಸೆಂ.ಮೀ. ದೂರದಲ್ಲಿ ಕದ್ದಾಲಿಸಲು ಇಡುತ್ತೇನೆ.